ಒಳಕೋಣೆಯ ಟೀವಿ ಮತ್ತು ಅಪ್ಪಣೆಯ ಬೆಲೆ

2012ರ ಅಕ್ಟೋಬರ್ ಮುಗಿಯುವವರೆಗೆ ಮುಂಬೈಯ ಎಷ್ಟೋ ಫ್ಲ್ಯಾಟುಗಳಲ್ಲಿ ಎರಡನೇ ಟೀವಿಗೆಂದು ಬೇರೆ ಖರ್ಚೇ ಇರಲಿಲ್ಲ. ಹಾಲಿಗೆ ಬಂದ ಕೇಬಲ್ ತಂತಿಗೆ ಒಂದು ಸ್ಪ್ಲಿಟರ್ ಸಿಕ್ಕಿಸುವುದು, ಬಾಗಿಲ ಚೌಕಟ್ಟಿನ ಗುಂಟ ಮೊಳೆ ಹೊಡೆದು ಇನ್ನೊಂದು ತಂತಿಯನ್ನು ಮಲಗುವ ಕೋಣೆಗೆ ಎಳೆಯುವುದು, ಅಷ್ಟೆ. ಕೇಬಲ್‌ನವನಿಗೆ ಗೊತ್ತಾದರೆ ತಿಂಗಳಿಗೆ ಇನ್ನಷ್ಟು ಕೇಳುತ್ತಿದ್ದ. ಗೊತ್ತಾಗದಿದ್ದರೆ ಅದೂ ಇಲ್ಲ. ಹಾಲಿಗೆ ಹೊಸ ಟೀವಿ ಬಂದ ದಿನ ಹಳೆಯದು ಒಳಗೆ ಹೋಗುತ್ತಿತ್ತು. ಎರಡನೇ ಟೀವಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ, ಅದು ತಾನಾಗಿ ಉಳಿಯುತ್ತಿತ್ತು.

ಹೊರನಾಡ ಕನ್ನಡಿಗರ ಮನೆಗಳಲ್ಲಿ ಈ ಒಳಕೋಣೆಯ ಟೀವಿಗೆ ಇನ್ನೊಂದು ಕೆಲಸವೂ ಇತ್ತು. ಹಾಲಿನಲ್ಲಿ ಮಕ್ಕಳ ಕಾರ್ಟೂನು, ಕ್ರಿಕೆಟ್ಟು, ಹಿಂದಿ ಸುದ್ದಿ. ಊರಿಂದ ಬಂದು ಮಗನ ಮನೆಯಲ್ಲಿ ನೆಲೆಸಿದ ಅಮ್ಮನಿಗೆ ಉದಯ ಟೀವಿಯ ಧಾರಾವಾಹಿ ಬೇಕು. ಒಂದೇ ಟೀವಿ ಇರುವ ಮನೆಯಲ್ಲಿ ಅದು ದಿನನಿತ್ಯದ ಪಂಚಾಯಿತಿ, ಮತ್ತು ಆ ಪಂಚಾಯಿತಿಯಲ್ಲಿ ಸೋಲುವುದು ಸಾಮಾನ್ಯವಾಗಿ ಕನ್ನಡವೇ. ಎರಡನೇ ಟೀವಿ ಇದ್ದರೆ ಕನ್ನಡಕ್ಕೊಂದು ಕೋಣೆಯಾದರೂ ಸಿಕ್ಕಿತು. ಹಳೆಯ ಅನಲಾಗ್ ಕೇಬಲ್ಲಿನಲ್ಲಿ ಒಟ್ಟು ನೂರರ ಆಸುಪಾಸಿನ ಚಾನೆಲ್‌ಗಳಿಗಷ್ಟೇ ಜಾಗ. ಅದರಲ್ಲಿ ಕನ್ನಡದ್ದು ಒಂದೋ ಎರಡೋ ಇದ್ದರೆ ಅದು ಆ ಬಡಾವಣೆಯ ಕೇಬಲ್‌ನವನ ಕೃಪೆ.

2011ರ ಕೊನೆಯಲ್ಲಿ ಸಂಸತ್ತು ಕೇಬಲ್ ಟೀವಿ ಕಾಯ್ದೆಗೆ ತಿದ್ದುಪಡಿ ತಂದಿತು. ದೇಶದ ಕೇಬಲ್ಲೆಲ್ಲ ಡಿಜಿಟಲ್ ಆಗಬೇಕು, ಪ್ರತಿ ಚಾನೆಲ್ಲೂ ಗೂಢಲಿಪಿಯಲ್ಲಿ ಬರಬೇಕು, ಅದನ್ನು ಬಿಡಿಸಲು ಪ್ರತಿ ಟೀವಿಗೂ ಒಂದು ಸೆಟ್‌ಟಾಪ್ ಬಾಕ್ಸ್ ಬೇಕು. ಮೊದಲ ಹಂತದಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ. ಜೂನ್ 30ಕ್ಕಿದ್ದ ಗಡುವು ಅಕ್ಟೋಬರ್ 31ಕ್ಕೆ ಹೋಯಿತು. ಚೆನ್ನೈಯಲ್ಲಿ ಅದು ಇನ್ನೂ ಎಳೆದಾಡಿತು. ಎರಡನೇ ಹಂತಕ್ಕೆ 2013ರ ಮಾರ್ಚ್ 31 ಗಡುವು. ಪುಣೆ, ಹೈದರಾಬಾದ್, ಬೆಂಗಳೂರು, ಮೈಸೂರು ಸೇರಿ 38 ನಗರಗಳು. ಕಾಯ್ದೆಯ ಉದ್ದೇಶದಲ್ಲಿ ತಪ್ಪೇನೂ ಇರಲಿಲ್ಲ. ಕೇಬಲ್‌ನವರು ತಮ್ಮ ಚಂದಾದಾರರ ಸಂಖ್ಯೆಯನ್ನು ಕಡಿಮೆ ತೋರಿಸಿ ಚಾನೆಲ್‌ಗಳಿಗೂ ಸರ್ಕಾರಕ್ಕೂ ಲೆಕ್ಕ ತಪ್ಪಿಸುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಚಾನೆಲ್‌ಗಳ ಸಂಖ್ಯೆಯೂ ಏರಿತು, ಕನ್ನಡದ ಚಾನೆಲ್ಲುಗಳು ಕೇಳಿದರೆ ಸಿಗುವಂತಾದವು.

ಆದರೆ ಒಳಕೋಣೆಯ ಟೀವಿ ಕಪ್ಪಾಯಿತು. ತಂತಿ ಅದೇ, ಮೊಳೆ ಅದೇ, ತಂತಿಯೊಳಗೆ ಸಂಕೇತವೂ ಬರುತ್ತಿದೆ. ಬಿಡಿಸಲು ಅಪ್ಪಣೆ ಇಲ್ಲ. ಎರಡನೇ ಟೀವಿಗೆ ಎರಡನೇ ಬಾಕ್ಸು, ಎರಡನೇ ಚಂದಾ. 2019ರ ಫೆಬ್ರವರಿಯಲ್ಲಿ ಟ್ರಾಯ್‌ನ ಹೊಸ ದರಪದ್ಧತಿ ಜಾರಿಗೆ ಬಂದಾಗ ನೂರು ಚಾನೆಲ್‌ಗಳ ಸಂಪರ್ಕಕ್ಕೆ ತಿಂಗಳಿಗೆ 130 ರೂಪಾಯಿ, ತೆರಿಗೆ ಬೇರೆ, ಹಣ ಕೊಟ್ಟು ನೋಡುವ ಚಾನೆಲ್ಲುಗಳ ಬೆಲೆ ಬೇರೆ. ಒಂದೇ ಮನೆಯ ಎರಡನೇ ಟೀವಿಗೆ ಆ ಸಂಪರ್ಕ ಶುಲ್ಕದ ಶೇ 40ಕ್ಕಿಂತ ಹೆಚ್ಚು ಕೇಳಬಾರದು ಎಂಬ ನಿಯಮ ಬರಲು 2020 ಆಗಬೇಕಾಯಿತು. ದಿನಕ್ಕೆ ಒಂದೋ ಎರಡೋ ತಾಸು ಓಡುವ ಟೀವಿಗೆ ಯಾರು ಕಟ್ಟುತ್ತಾರೆ? ಬಹಳಷ್ಟು ಮನೆಗಳಲ್ಲಿ ಅದರ ಮೇಲೆ ಬಟ್ಟೆ ಹೊದಿಸಲಾಯಿತು.

ಈ ಬಟ್ಟೆಯನ್ನು ಮತ್ತೆ ತೆಗೆಸಿದ್ದು ಅಂಗೈಯಗಲದ ಒಂದು ಸ್ಟ್ರೀಮಿಂಗ್ ಡಬ್ಬಿ. ಅಂತರ್ಜಾಲದಿಂದಲೋ ಪೆನ್‌ಡ್ರೈವಿನಿಂದಲೋ ಚಿತ್ರವನ್ನು ತಂದು ಟೀವಿಯ ಎಚ್‌ಡಿಎಮ್‌ಐ ಕಿಂಡಿಗೆ ಸುರಿಯುವ ಸಾಧನ. ಎರಡು ಸಾವಿರಕ್ಕೂ ಸಿಗುತ್ತದೆ, ಆರು ಸಾವಿರಕ್ಕೂ ಸಿಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಬೆಲೆಯ ಈ ಅಂತರ ಯಾವುದಕ್ಕೆ ಎಂದು ತಿಳಿಯಲು ಡಬ್ಬಿ ಹುಟ್ಟಿದ ಕಡೆಗೆ, ಅಂದರೆ ಕೇಬಲ್ ಕಾಯ್ದೆಗೆ ಹತ್ತು ವರ್ಷ ಹಿಂದಿನ ಅಮೆರಿಕಕ್ಕೆ ಹೋಗಬೇಕು. ಅಲ್ಲಿಯೂ ಕಥೆ ಇದೇ ಎರಡು ಸಂಗತಿಗಳ ನಡುವೆ ನಡೆದದ್ದು: ಯಂತ್ರಕ್ಕೆ ಇರುವ ತಾಕತ್ತು ಮತ್ತು ಯಂತ್ರಕ್ಕೆ ಸಿಗುವ ಅಪ್ಪಣೆ.

2001ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರವನ್ನು 299 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಒಳಗೆ ನೋಡಿದರೆ ಅದೊಂದು ಸಾಧಾರಣ ಕಂಪ್ಯೂಟರು: 733 ಮೆಗಾಹರ್ಟ್ಸಿನ ಇಂಟೆಲ್ ಚಿಪ್, 64 ಎಂಬಿ ಮೆಮೊರಿ, 8 ಜಿಬಿ ಹಾರ್ಡ್‌ಡಿಸ್ಕ್, ನೆಟ್‌ವರ್ಕ್ ತಂತಿಗೆ ಕಿಂಡಿ, ಟೀವಿಗೆ ಜೋಡಿಸುವ ಕೇಬಲ್. ಕಂಪನಿ ಅದನ್ನು ನಷ್ಟದಲ್ಲಿ ಮಾರುತ್ತಿತ್ತು. ಲಾಭ ಬರಬೇಕಾದ್ದು ಆಟಗಳಿಂದ. ಹಾಗಾಗಿ ಮೈಕ್ರೋಸಾಫ್ಟಿನ ಸಹಿ ಇಲ್ಲದ ಯಾವ ತಂತ್ರಾಂಶವೂ ಅದರಲ್ಲಿ ಓಡದಂತೆ ಬೀಗ ಹಾಕಿತ್ತು. ಎಮ್‌ಐಟಿಯಲ್ಲಿ ಓದುತ್ತಿದ್ದ ಆಂಡ್ರ್ಯೂ ಹುವಾಂಗ್ ಯಂತ್ರದೊಳಗೆ ಚಿಪ್ಪಿಂದ ಚಿಪ್ಪಿಗೆ ಹರಿಯುವ ಸಂಕೇತವನ್ನು ಕದ್ದು ಕೇಳಿ ಆ ಬೀಗದ ಕೀಲಿ ಹುಡುಕಿದ. ಬೇಗನೆ ಬೆಸುಗೆ ಹಾಕಿ ಕೂರಿಸುವ ಪುಟ್ಟ ಚಿಪ್ಪುಗಳು ಮಾರಾಟಕ್ಕೆ ಬಂದವು.

ಬೀಗ ತೆರೆದವರಿಗೆಲ್ಲ ಆಟವೇ ಬೇಕಿತ್ತೆಂದಲ್ಲ. ಕೆಲವರಿಗೆ ಕಂಡದ್ದು ಟೀವಿಯ ಕೆಳಗೆ ಆಗಲೇ ಕೂತಿರುವ, ಸಿನಿಮಾ ಓಡಿಸಬಲ್ಲ ಅಗ್ಗದ ಕಂಪ್ಯೂಟರು. 2002ರಲ್ಲಿ ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್ ಎಂಬ ತಂತ್ರಾಂಶ ಹುಟ್ಟಿತು; 2004ರ ಜೂನಿನಲ್ಲಿ ಅದರ ಮುಂದಿನ ರೂಪವಾದ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್‌ನ ಮೊದಲ ಪೂರ್ಣ ಆವೃತ್ತಿ ಬಂತು. ಬರೆದವರು ಬೇರೆ ಬೇರೆ ದೇಶಗಳ ಹವ್ಯಾಸಿಗಳು, ಸಂಬಳವಿಲ್ಲ. ಒಳಕೋಣೆಯ ಕಂಪ್ಯೂಟರಿನಲ್ಲಿದ್ದ ಸಿನಿಮಾವನ್ನು ಹಾಲಿನ ಟೀವಿಯಲ್ಲಿ ರಿಮೋಟ್ ಹಿಡಿದು ನೋಡುವುದು, ಹಾಡುಗಳ ಪಟ್ಟಿ, ಪೋಸ್ಟರುಗಳ ಸಾಲು, ಬಿಟ್ಟ ಕಡೆಯಿಂದಲೇ ಮತ್ತೆ ಶುರು ಮಾಡುವುದು: ಇವತ್ತು ಯಾವ ಆ್ಯಪ್ ತೆರೆದರೂ ಕಾಣುವ ಇವೆಲ್ಲ ಅಲ್ಲಿ ಆಗಲೇ ಇದ್ದವು. ಈ ಕಥೆಯಲ್ಲಿ ಮೆಚ್ಚುಗೆಗೆ ಮೊದಲ ಹಕ್ಕುದಾರರು ಇವರೇ.

ಮತ್ತು ಇವರಿಗೆ ಅಪ್ಪಣೆ ಇರಲಿಲ್ಲ. ತಂತ್ರಾಂಶವನ್ನು ಕಟ್ಟಲು ಮೈಕ್ರೋಸಾಫ್ಟಿನ ಸಲಕರಣೆಗಳೇ ಬೇಕು. ಅವು ಪರವಾನಗಿ ಪಡೆದ ಆಟದ ಕಂಪನಿಗಳಿಗೆ ಮಾತ್ರ. ಹಾಗಾಗಿ ತಂಡ ತನ್ನ ಮೂಲ ಸಂಕೇತವನ್ನು ಮಾತ್ರ ಎಲ್ಲರಿಗೂ ಹಂಚುತ್ತಿತ್ತು. ಓಡುವ ತಂತ್ರಾಂಶವನ್ನು ಹಂಚಿದರೆ ಕಾನೂನು ಮುರಿದಂತೆ. ಅಡುಗೆಯ ವಿಧಾನ ಬರೆದುಕೊಡಬಹುದು, ಬಡಿಸುವ ಹಾಗಿಲ್ಲ. ಬಡಿಸುವ ಕೆಲಸವನ್ನು ಹೆಸರಿಲ್ಲದವರು ಕತ್ತಲಲ್ಲಿ ಮಾಡುತ್ತಿದ್ದರು.

2004ರ ವಸಂತದಲ್ಲಿ ಎಕ್ಸ್‌ಬಾಕ್ಸಿನ ಬೆಲೆ 149 ಡಾಲರಿಗೆ ಇಳಿದಾಗ ಅದು ಆ ಕಾಲದ ಅತ್ಯುತ್ತಮ ಅಗ್ಗದ ಮೀಡಿಯಾ ಡಬ್ಬಿಯೂ ಆಗಿತ್ತು. ಮಲಗುವ ಕೋಣೆಗೆ ಮಾತ್ರ ಅದು ಒಗ್ಗಲಿಲ್ಲ. ನಾಲ್ಕು ಕಿಲೋ ಹತ್ತಿರದ ತೂಕ. ಫ್ಯಾನು, ಹಾರ್ಡ್‌ಡಿಸ್ಕುಗಳ ಸದ್ದು. ರಾತ್ರಿ ಹನ್ನೊಂದಕ್ಕೆ ಪಕ್ಕದಲ್ಲಿ ಮಲಗಿದವರು ಗೊಣಗದೆ ಇರುವಂಥ ಯಂತ್ರವಲ್ಲ. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಹೊಸ ವೀಡಿಯೊ ಸಂಕೋಚನ ಬಳಕೆಗೆ ಬಂದ ಮೇಲೆ ಹೈ ಡೆಫಿನಿಷನ್ ಚಿತ್ರವನ್ನು ಬಿಡಿಸುವ ಶಕ್ತಿಯೂ ಅದಕ್ಕೆ ಸಾಲದಾಯಿತು. ತಂಡ ಯಂತ್ರವನ್ನು ಬಿಟ್ಟು ಲಿನಕ್ಸ್, ವಿಂಡೋಸ್, ಮ್ಯಾಕ್‌ಗಳಿಗೆ ಹೊರಟಿತು. 2014ರಲ್ಲಿ ಹೆಸರನ್ನೂ ಬದಲಿಸಿಕೊಂಡಿತು: ಕೋಡಿ. ಕನ್ನಡದ ಕಿವಿಗೆ ಕೆರೆಯ ನೆನಪು ತರುವ ಹೆಸರು. ಇಟ್ಟವರಿಗೆ ಅದು ಗೊತ್ತಿದ್ದಂತಿಲ್ಲ.

ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಬೇರೊಂದು ಡಬ್ಬಿ ಬರುತ್ತಿತ್ತು. ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2007ರ ಜನವರಿಯಲ್ಲಿ ಅಂತರ್ಜಾಲದಲ್ಲಿ ಸಿನಿಮಾ ತೋರಿಸಲು ಶುರುಮಾಡಿತು, ಆದರೆ ಕಂಪ್ಯೂಟರಿನಲ್ಲಿ ಮಾತ್ರ. ಟೀವಿಗೆ ತಲುಪಿಸಲು ಕಂಪನಿಯೊಳಗೇ ಒಂದು ಡಬ್ಬಿ ತಯಾರಾಗುತ್ತಿತ್ತು. ಅದರ ಹೊಣೆ ಆಂಥನಿ ವುಡ್ ಎಂಬ ಎಂಜಿನಿಯರನದು. ಡಬ್ಬಿ ಮಾರುಕಟ್ಟೆಗೆ ಹೋಗುವ ಹೊತ್ತಿಗೆ ನೆಟ್‌ಫ್ಲಿಕ್ಸ್ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಮನಸ್ಸು ಬದಲಿಸಿದರು. ತಾವೇ ಡಬ್ಬಿ ಮಾರಿದರೆ ಬೇರೆ ಟೀವಿ, ಡಿವಿಡಿ ಪ್ಲೇಯರ್ ಕಂಪನಿಗಳು ನೆಟ್‌ಫ್ಲಿಕ್ಸನ್ನು ತಮ್ಮ ಯಂತ್ರಗಳೊಳಗೆ ಬಿಟ್ಟುಕೊಳ್ಳುತ್ತವೆಯೇ? ಯೋಜನೆ ವುಡ್‌ನ ಸ್ವಂತ ಕಂಪನಿಗೆ ಹೋಯಿತು. ಅವನು ಕಟ್ಟಿದ ಆರನೇ ಕಂಪನಿ ಅದು. ಹೆಸರು ರೋಕು, ಜಪಾನಿ ಭಾಷೆಯಲ್ಲಿ ಆರು. 2008ರ ಮೇ ತಿಂಗಳಲ್ಲಿ ಬಂದ ಮೊದಲ ಡಬ್ಬಿಗೆ 99.99 ಡಾಲರ್.

ಹಿಂದಿನ ವರ್ಷವೇ ಆ್ಯಪಲ್ ತನ್ನ ಟೀವಿ ಡಬ್ಬಿಯನ್ನು 299 ಡಾಲರಿಗೆ, 40 ಜಿಬಿ ಹಾರ್ಡ್‌ಡಿಸ್ಕಿನೊಂದಿಗೆ ಬಿಟ್ಟಿತ್ತು. ಸ್ಟೀವ್ ಜಾಬ್ಸ್ ಅದನ್ನು ಹವ್ಯಾಸ ಎಂದು ಕರೆಯುತ್ತಿದ್ದರು. ರೋಕುವಿನಲ್ಲಿ ಹಾರ್ಡ್‌ಡಿಸ್ಕೂ ಇಲ್ಲ, ಫ್ಯಾನೂ ಇಲ್ಲ. ಶುರುವಿನಲ್ಲಿ ಅದು ನೆಟ್‌ಫ್ಲಿಕ್ಸ್ ಒಂದನ್ನೇ ತೋರಿಸುತ್ತಿತ್ತು, ಮನೆಯಲ್ಲಿರುವ ಒಂದು ಫೈಲನ್ನೂ ಓಡಿಸುತ್ತಿರಲಿಲ್ಲ. ತಾಕತ್ತಿನಲ್ಲಿ ಹಳೆಯ ಎಕ್ಸ್‌ಬಾಕ್ಸಿನ ಹವ್ಯಾಸಿಗಳು ನಗಬಹುದಾದ ಯಂತ್ರ. ಅದಕ್ಕಿದ್ದ ಆಸ್ತಿ ಅಪ್ಪಣೆಯೊಂದೇ, ಗೆದ್ದದ್ದೂ ಅದೇ. 2010ರಲ್ಲಿ ಆ್ಯಪಲ್ ಕೂಡ ಹಾರ್ಡ್‌ಡಿಸ್ಕ್ ಕಿತ್ತುಹಾಕಿ ಬೆಲೆಯನ್ನು 99 ಡಾಲರಿಗೆ ಇಳಿಸಿತು. ಮಲಗುವ ಕೋಣೆಯನ್ನು ಮೊದಲು ಸರಿಯಾಗಿ ಅರ್ಥಮಾಡಿಕೊಂಡದ್ದೂ ರೋಕುವೇ ಇರಬೇಕು: 2013ರ ರೋಕು 3ರ ರಿಮೋಟಿನಲ್ಲೇ ಇಯರ್‌ಫೋನಿಗೊಂದು ಕಿಂಡಿ ಕೊಟ್ಟರು. ವೈರು ಟೀವಿಯವರೆಗೆ ಎಳೆಯಬೇಕಿಲ್ಲ. ಪಕ್ಕದವರು ಮಲಗಿರುವಾಗ ಕೈಯಲ್ಲಿನ ರಿಮೋಟಿನಿಂದಲೇ ಶಬ್ದ ಕೇಳಬಹುದು. ಇಂಥ ಡಬ್ಬಿಗಳಲ್ಲಿ ಬಂದ ಸುಧಾರಣೆಗಳಲ್ಲಿ ಸಂಸಾರಕ್ಕೆ ಇಷ್ಟು ಉಪಕಾರಿಯಾದದ್ದು ಹೆಚ್ಚಿಲ್ಲ.

ತಾಕತ್ತಿನ ಬೆಲೆ ಇನ್ನೂ ಬೀಳುವುದಿತ್ತು. 2012ರ ಫೆಬ್ರವರಿ 29ರಂದು ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ಮಾಡಿದ ರ್‍ಯಾಸ್ಪ್‌ಬೆರಿ ಪೈ ಎಂಬ ಕ್ರೆಡಿಟ್ ಕಾರ್ಡಿನಗಲದ ಕಂಪ್ಯೂಟರು 35 ಡಾಲರಿಗೆ ಮಾರಾಟಕ್ಕೆ ಬಂತು. ಅದರ ಚಿಪ್ ಪೂರ್ಣ ಹೈ ಡೆಫಿನಿಷನ್ ವೀಡಿಯೊವನ್ನು ಸದ್ದಿಲ್ಲದೆ ಓಡಿಸಬಲ್ಲದು. ಹವ್ಯಾಸಿಗಳು ತಡಮಾಡದೆ ಎಕ್ಸ್‌ಬಾಕ್ಸಿನ ಆ ಹಳೆಯ ತಂತ್ರಾಂಶವನ್ನು ಅದರ ಮೇಲೆ ಕೂರಿಸಿದರು. ಎಚ್.264 ಸಿನಿಮಾಗಳು ಓಡಿದವು. ಆದರೆ ಡಿವಿಡಿಯಿಂದ ತೆಗೆದ ಎಂಪೆಗ್-2 ಫೈಲುಗಳು ಓಡಲಿಲ್ಲ. ಚಿಪ್ಪಿಗೆ ಆಗದ ಕೆಲಸವಲ್ಲ ಅದು. ಪ್ರತಿ ಬೋರ್ಡಿಗೂ ಪೇಟೆಂಟ್ ಶುಲ್ಕ ಕಟ್ಟಿದರೆ ಮಕ್ಕಳ ಕಂಪ್ಯೂಟರಿನ ಬೆಲೆ ಏರುತ್ತದೆಂದು ಸಂಸ್ಥೆ ಆ ಭಾಗಕ್ಕೆ ಬೀಗ ಹಾಕಿತ್ತು. ಅದೇ ಆಗಸ್ಟಿನಲ್ಲಿ ಬೀಗದ ಕೈಯನ್ನು ಬೇರೆಯಾಗಿ ಮಾರಲು ಶುರುಮಾಡಿತು: 2.40 ಪೌಂಡ್. ಕೊಂಡವರಿಗೆ ತಮ್ಮ ಬೋರ್ಡಿನ ಸಂಖ್ಯೆಗಷ್ಟೇ ಹೊಂದುವ ಅಕ್ಷರಗಳ ಒಂದು ಸಾಲು ಬರುತ್ತಿತ್ತು. ಅದನ್ನು ಒಂದು ಕಡತದಲ್ಲಿ ಬರೆದು ಮರುಚಾಲನೆ ಮಾಡಿದರೆ ಹಳೆಯ ಡಿವಿಡಿಯ ಚಿತ್ರ ಓಡುತ್ತಿತ್ತು. ಅಪ್ಪಣೆಯ ಬೆಲೆಯನ್ನು ಇಷ್ಟು ಪ್ರಾಮಾಣಿಕವಾಗಿ ಚೀಟಿಯಲ್ಲಿ ಬರೆದು ತೋರಿಸಿದವರು ಅಪರೂಪ. ಉಳಿದ ಕಡೆ ಅದು ಡಬ್ಬಿಯ ಬೆಲೆಯೊಳಗೆ ಕರಗಿರುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಚೀನಾದಿಂದ ಎಂಕೆ802 ಎಂಬ ಸಾಧನ ಹೊರಟಿತು. ಪೆನ್‌ಡ್ರೈವಿನಷ್ಟು ದೊಡ್ಡದು, ಆಲ್‌ವಿನ್ನರ್ ಕಂಪನಿಯ ಚಿಪ್, ಆಂಡ್ರಾಯ್ಡ್ ತಂತ್ರಾಂಶ, 74 ಡಾಲರ್. ಅದರ ಹಿಂದೆ ಒಂದು ಪ್ರವಾಹವೇ ಬಂತು. ಆಂಡ್ರಾಯ್ಡಿನ ಮೂಲ ಸಂಕೇತವನ್ನು ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು. ಆಲ್‌ವಿನ್ನರ್, ರಾಕ್‌ಚಿಪ್, ಆಮ್‌ಲಾಜಿಕ್ ಕಂಪನಿಗಳ ಚಿಪ್ಪುಗಳು ಸಗಟಿನಲ್ಲಿ ಸಿಗುತ್ತವೆ. ಶೆನ್‌ಝೆನ್‌ನ ಯಾವುದೋ ಕಾರ್ಖಾನೆ ಪ್ಲಾಸ್ಟಿಕ್ಕಿನ ಕವಚ ಮಾಡಿಕೊಡುತ್ತದೆ. ಎಂಎಕ್ಸ್‌ಕ್ಯೂ, ಟಿ95 ಎಂಬಂಥ ಹೆಸರುಗಳಲ್ಲಿ, ಎಷ್ಟೋ ಸಲ ತಯಾರಕರ ವಿಳಾಸವೇ ಇಲ್ಲದೆ, ಇವು ಲೋಕವೆಲ್ಲ ಹರಡಿದವು. ಭಾರತದ ಒಳಕೋಣೆಗಳಿಗೆ ಇವುಗಳಲ್ಲೊಂದು ವಿಶೇಷ ಅನುಕೂಲವಿತ್ತು: ಕೆಲವಕ್ಕೆ ಎಚ್‌ಡಿಎಮ್‌ಐ ಜೊತೆಗೆ ಹಳದಿ, ಬಿಳಿ, ಕೆಂಪು ಪಿನ್ನಿನ ಹಳೆಯ ಎವಿ ಕಿಂಡಿಯೂ ಇರುತ್ತಿತ್ತು. ಬಟ್ಟೆ ಹೊದ್ದು ಕೂತಿದ್ದ ಡಬ್ಬ ಟೀವಿಗೂ ಜೋಡಿಸಬಹುದಿತ್ತು. ದೊಡ್ಡ ಕಂಪನಿಗಳ ನಾಜೂಕಿನ ಕಡ್ಡಿಗಳಿಗೆ ಆ ಸೌಲಭ್ಯವಿಲ್ಲ.

ಗೂಗಲ್ 2013ರ ಜುಲೈನಲ್ಲಿ ತಂದ ಕ್ರೋಮ್‌ಕಾಸ್ಟ್ 35 ಡಾಲರಿನದು. ಅದಕ್ಕೆ ರಿಮೋಟೇ ಇಲ್ಲ, ಫೋನೇ ರಿಮೋಟು. ಅದು ಭಾರತಕ್ಕೆ ಅಧಿಕೃತವಾಗಿ ಬಂದದ್ದು 2014ರ ಡಿಸೆಂಬರಿನಲ್ಲಿ, 2,999 ರೂಪಾಯಿಗೆ. ಅಷ್ಟರಲ್ಲಿ ಬೆಂಗಳೂರಿನ ಒಂದು ಹೊಸ ಕಂಪನಿ ಅಂಥದೇ ಒಂದು ಡಾಂಗಲ್ ಮಾಡಿ ಮಾರುತ್ತಿತ್ತು. ಟೀವೀ ಎಂದೇ ಅದರ ಹೆಸರು. ಅದನ್ನು ಮಾಡಿದವರಿಗೆ ಭಾರತದ ಮನೆ ಗೊತ್ತಿತ್ತು. ಇಲ್ಲಿ ಸಿನಿಮಾ ಇರುವುದು ಅಂತರ್ಜಾಲದಲ್ಲಲ್ಲ, ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕಿನಲ್ಲಿ ಮತ್ತು ಫೋನಿನಲ್ಲಿ ಎಂದು ತಿಳಿದು, ಆ ಫೈಲುಗಳನ್ನೇ ಟೀವಿಗೆ ಕಳಿಸುವ ಸೌಕರ್ಯ ಕೊಟ್ಟಿದ್ದರು. ಆಗಿನ ಬ್ರಾಡ್‌ಬ್ಯಾಂಡ್ ಯೋಜನೆಗಳಲ್ಲಿ ಡೇಟಾ ಮಿತಿ ದಾಟಿದ ಕೂಡಲೇ ವೇಗ ಕುಸಿಯುತ್ತಿತ್ತು. ಮೂರು ತಾಸಿನ ಒಂದು ಹೈ ಡೆಫಿನಿಷನ್ ಸಿನಿಮಾ ಕೆಲವು ಜಿಬಿಗಳನ್ನು ನುಂಗುತ್ತದೆ. ಆ ಕಾಲಕ್ಕೆ ಹೊಂದುವ ಸಾಧನ ಅದು. ಆದರೆ ಕಾಲವೇ ಬದಲಾಯಿತು. ಕಂಪನಿ ಕ್ರಿಯೋ ಎಂದು ಹೆಸರು ಬದಲಿಸಿಕೊಂಡು 2016ರಲ್ಲಿ ಫೋನು ಮಾಡಿತು, 2017ರಲ್ಲಿ ಹೈಕ್ ಅದನ್ನು ಕೊಂಡಿತು. ಸ್ಥಾಪಕರು ಮುಂದೆ ಎಂಪಿಎಲ್ ಎಂಬ ಆಟದ ಆ್ಯಪ್ ಕಟ್ಟಿದರು.

ಕಾಲ ಬದಲಾದ ವರ್ಷ 2016. ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಸೆಪ್ಟೆಂಬರಿನಲ್ಲಿ ಜಿಯೊ, ಡಿಸೆಂಬರಿನಲ್ಲಿ ಪ್ರೈಮ್ ವೀಡಿಯೊ. ಡೇಟಾ ಅಗ್ಗವಾಯಿತು. 2017ರ ಏಪ್ರಿಲಿನಲ್ಲಿ ಅಮೆಝಾನಿನ ಫೈರ್ ಟೀವಿ ಸ್ಟಿಕ್ 3,999 ರೂಪಾಯಿಗೆ ಬಂತು. 2020ರಲ್ಲಿ ಶವೋಮಿಯ ಮಿ ಟೀವಿ ಸ್ಟಿಕ್ 2,799ಕ್ಕೆ, ಫೈರ್ ಸ್ಟಿಕ್‌ನ ಲೈಟ್ ಮಾದರಿ 2,999ಕ್ಕೆ. ಕನ್ನಡದ ಮಟ್ಟಿಗೆ ಮುಖ್ಯವಾದದ್ದು ಬೇರೆ: ಕಲರ್ಸ್ ಕನ್ನಡದ ಧಾರಾವಾಹಿಗಳಿದ್ದ ವೂಟ್ 2016ರಲ್ಲಿ, ಉದಯದ ಬಳಗದ ಸನ್ ನೆಕ್ಸ್ಟ್ 2017ರಲ್ಲಿ, ಝೀ5 2018ರಲ್ಲಿ. ಪುಣೆಯ ಅತ್ತೆ, ಹೈದರಾಬಾದಿನ ಅಜ್ಜಿ ಈಗ ಕೇಬಲ್‌ನವನ ಕೃಪೆಗೆ ಕಾಯಬೇಕಿಲ್ಲ. ನಾಲ್ಕು ವರ್ಷ ಕಪ್ಪಾಗಿದ್ದ ಒಳಕೋಣೆಯ ಟೀವಿಯಲ್ಲಿ ಕನ್ನಡ ಮತ್ತೆ ಮಾತಾಡಿತು. ವೈಫೈ ಗೋಡೆ ದಾಟುತ್ತದೆ, ಸ್ಪ್ಲಿಟರ್ ಬೇಕಿಲ್ಲ.

ಆಗ ಎದುರಾದ ಪ್ರಶ್ನೆ: ಮೂರು ಸಾವಿರದ ಹೆಸರಾಂತ ಡಬ್ಬಿಯೋ, ಸಾವಿರದೈನೂರರ ಹೆಸರಿಲ್ಲದ್ದೋ? ಶವೋಮಿ 2016ರಲ್ಲಿ ಮಾರುತ್ತಿದ್ದ ಮಿ ಬಾಕ್ಸ್ ಒಳಗೆ ಆಮ್‌ಲಾಜಿಕ್ ಎಸ್905ಎಕ್ಸ್ ಚಿಪ್ ಇತ್ತು. ಅದೇ ಹೊತ್ತಿಗೆ ಬಂದ ಎಷ್ಟೋ ಅನಾಮಧೇಯ ಡಬ್ಬಿಗಳೊಳಗೂ ಅದೇ ಚಿಪ್. ಪೆನ್‌ಡ್ರೈವ್ ಸಿಕ್ಕಿಸಿ ಒಂದೇ ಸಿನಿಮಾವನ್ನು ಎರಡರಲ್ಲೂ ಹಾಕಿದರೆ ಚಿತ್ರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನೆಟ್‌ಫ್ಲಿಕ್ಸ್ ತೆರೆದರೆ ಮಾತ್ರ ಒಂದರಲ್ಲಿ ಸ್ಫುಟವಾದ ಚಿತ್ರ, ಇನ್ನೊಂದರಲ್ಲಿ ಆ್ಯಪ್ ಓಡಿದರೂ 480 ಸಾಲಿನ ಮಸುಕು ಚಿತ್ರ, ಅಂದರೆ ಡಿವಿಡಿಯ ಕಾಲದ ದರ್ಜೆ.

ಇದರ ಹಿಂದಿರುವುದು ವೈಡ್‌ವೈನ್ ಎಂಬ ಗೂಢಲಿಪಿ ವ್ಯವಸ್ಥೆ. ಸಿಯಾಟಲ್‌ನ ಆ ಕಂಪನಿಯನ್ನು ಗೂಗಲ್ 2010ರ ಡಿಸೆಂಬರಿನಲ್ಲಿ ಕೊಂಡಿತು. ಅದರಲ್ಲಿ ದರ್ಜೆಗಳಿವೆ. ಎಲ್1 ದರ್ಜೆಯ ಯಂತ್ರದಲ್ಲಿ ಗೂಢಲಿಪಿಯ ಕೀಲಿ ಚಿಪ್ಪಿನ ಒಂದು ಭದ್ರ ಮೂಲೆಯಲ್ಲಿ ಇರುತ್ತದೆ. ಚಿತ್ರವನ್ನು ಬಿಡಿಸುವುದು ಅದೇ ಮೂಲೆಯಲ್ಲಿ, ಯಂತ್ರದ ಉಳಿದ ಭಾಗಕ್ಕೂ ಅದು ಕಾಣುವುದಿಲ್ಲ. ಎಲ್3 ದರ್ಜೆಯಲ್ಲಿ ಎಲ್ಲವೂ ಸಾಮಾನ್ಯ ತಂತ್ರಾಂಶದಲ್ಲಿ ನಡೆಯುತ್ತದೆ, ಕದಿಯುವುದು ಸುಲಭ; ಹಾಗಾಗಿ ಸಿನಿಮಾ ಕಂಪನಿಗಳು ಅದಕ್ಕೆ ಒಳ್ಳೆಯ ಚಿತ್ರ ಕೊಡುವುದಿಲ್ಲ. ಎಲ್1 ಕೀಲಿಯನ್ನು ಪಡೆಯಲು ತಯಾರಕರು ತಮ್ಮ ಯಂತ್ರವನ್ನು ಪರೀಕ್ಷೆಗೆ ಒಪ್ಪಿಸಬೇಕು. ನೆಟ್‌ಫ್ಲಿಕ್ಸ್ ಅದರ ಮೇಲೆ ತನ್ನದೇ ಪರೀಕ್ಷೆ ನಡೆಸುತ್ತದೆ. ಈ ಕೀಲಿಯನ್ನು ಆಮೇಲೆ ಕಳಿಸಿಕೊಡುವುದು ಎಷ್ಟು ಕಷ್ಟವೆಂದರೆ, ಒನ್‌ಪ್ಲಸ್ 5 ಫೋನು ಎಲ್1 ಇಲ್ಲದೆ ಬಿಡುಗಡೆಯಾಗಿ ಗ್ರಾಹಕರು ದೂರಿದಾಗ, ಕಂಪನಿ ಫೋನನ್ನೇ ತನಗೆ ಕಳಿಸಿ ಕೀಲಿ ಹಾಕಿಸಿಕೊಳ್ಳುವಂತೆ ಹೇಳಿತು. ಹಳ್ಳಿಯ ತಕ್ಕಡಿಗೆ ತೂಕ ಅಳತೆ ಇಲಾಖೆಯ ಮುದ್ರೆ ಹಾಕಿಸಲು ತಕ್ಕಡಿಯನ್ನೇ ಹೊತ್ತುಕೊಂಡು ಹೋದ ಹಾಗೆ.

ಅಪ್ಪಣೆಯ ಈ ಏರ್ಪಾಡನ್ನು ದೊಡ್ಡ ಕಂಪನಿಗಳ ಕುತಂತ್ರವೆಂದು ಬೈಯುವುದು ಸುಲಭ. ಅಪ್ಪಣೆ ಇಲ್ಲದ ಕಡೆ ಏನು ನಡೆಯಿತೆಂಬುದನ್ನೂ ನೋಡಬೇಕು. ಕೋಡಿಯಲ್ಲಿ ಕದ್ದ ಸಿನಿಮಾಗಳ ಕೊಂಡಿಗಳನ್ನು ಮೊದಲೇ ತುಂಬಿಸಿ ಮಾರುವ ವ್ಯಾಪಾರ ಎಷ್ಟು ಬೆಳೆಯಿತೆಂದರೆ, ಕೋಡಿ ತಂಡವೇ ತನ್ನ ಹೆಸರು ಕೆಟ್ಟಿತೆಂದು ಗೋಳಾಡಿತು. 2017ರ ಏಪ್ರಿಲಿನಲ್ಲಿ ಯುರೋಪಿನ ನ್ಯಾಯಾಲಯ ನೆದರ್‌ಲ್ಯಾಂಡಿನ ಫಿಲ್ಮ್‌ಸ್ಪೀಲರ್ ಎಂಬ ಡಬ್ಬಿಯ ಮೊಕದ್ದಮೆಯಲ್ಲಿ ಅಂಥ ಮಾರಾಟವೇ ಕೃತಿಸ್ವಾಮ್ಯದ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು. ಅದಕ್ಕಿಂತ ಕೆಟ್ಟದ್ದು 2023ರ ಜನವರಿಯಲ್ಲಿ ಬೆಳಕಿಗೆ ಬಂತು. ಕೆನಡಾದ ಡ್ಯಾನಿಯಲ್ ಮಿಲಿಸಿಕ್ ಎಂಬ ತಂತ್ರಜ್ಞ ಒಂದು ಟಿ95 ಡಬ್ಬಿ ಕೊಂಡು, ಜಾಹೀರಾತು ತಡೆಯುವ ತಂತ್ರಾಂಶ ಓಡಿಸಲೆಂದು ಅದನ್ನು ಬಳಸಿದ. ಡಬ್ಬಿ ತಾನಾಗಿ ಯಾವ್ಯಾವ ವಿಳಾಸಗಳಿಗೆ ಮಾತಾಡುತ್ತದೆ ಎಂದು ಅದೇ ತಂತ್ರಾಂಶ ತೋರಿಸಿತು. ಅದು ಕಾರ್ಖಾನೆಯಿಂದಲೇ ಸೋಂಕು ಹೊತ್ತು ಬಂದಿತ್ತು. ಅಕ್ಟೋಬರಿನಲ್ಲಿ ಹ್ಯೂಮನ್ ಸೆಕ್ಯುರಿಟಿ ಎಂಬ ಸಂಸ್ಥೆ ಇಂಥ 74,000ಕ್ಕೂ ಹೆಚ್ಚು ಸಾಧನಗಳ ಜಾಲವನ್ನು ಗುರುತಿಸಿ ಬ್ಯಾಡ್‌ಬಾಕ್ಸ್ ಎಂದು ಹೆಸರಿಟ್ಟಿತು. 2025ರ ಜುಲೈನಲ್ಲಿ ಅದರ ಮುಂದಿನ ಜಾಲದ ವಿರುದ್ಧ ಗೂಗಲ್ ಮೊಕದ್ದಮೆ ಹೂಡುವಾಗ ಪ್ರಮಾಣೀಕರಣವಿಲ್ಲದ ಒಂದು ಕೋಟಿಗೂ ಮೇಲ್ಪಟ್ಟ ಸಾಧನಗಳ ಲೆಕ್ಕ ಕೊಟ್ಟಿತು. ಮಲಗುವ ಕೋಣೆಯ ಡಬ್ಬಿ ಮನೆಯವರ ವೈಫೈಯನ್ನು ಅವರಿಗೆ ತಿಳಿಯದಂತೆ ಬಾಡಿಗೆಗೆ ಕೊಡುತ್ತಿತ್ತು. ಉಳಿದ ಸಾವಿರದೈನೂರು ಯಾರ ಜೇಬಿಂದ ಬರುತ್ತಿತ್ತು ಎಂಬುದಕ್ಕೆ ಇದೊಂದು ಉತ್ತರ.

ಹೀಗಾಗಿ ಅಗ್ಗದ ಡಬ್ಬಿಯನ್ನು ಮನೆಗೆ ತಂದು ಪರೀಕ್ಷಿಸುವವರು ಸಾಮಾನ್ಯವಾಗಿ ತಪ್ಪು ಕಡೆ ನೋಡುತ್ತಾರೆ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿರುವ 4ಕೆ, 8ಕೆ, ಇಷ್ಟು ಜಿಬಿ ಎಂಬುದೆಲ್ಲ ತಾಕತ್ತಿನ ಮಾತು, ಮತ್ತು 32 ಇಂಚಿನ ಹಳೆಯ ಟೀವಿಗೆ ಅದರಲ್ಲಿ ಬಹುಪಾಲು ಅನಗತ್ಯ. ಅಂಗಡಿಗೆ ಹಿಂದಿರುಗಿಸುವ ಅವಧಿಯೊಳಗೆ ನೋಡಬೇಕಾದ್ದು ಅಪ್ಪಣೆಯನ್ನು. ಆಪ್ ಸ್ಟೋರಿನಲ್ಲಿ ಡಿಆರ್‌ಎಮ್ ಇನ್ಫೊ ಎಂಬ ಪುಟ್ಟ ಆ್ಯಪ್ ಸಿಗುತ್ತದೆ. ಎಲ್1 ಇದೆಯೋ ಎಲ್3 ಇದೆಯೋ ಎಂದು ಅದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಮನೆಯವರು ದಿನಾ ನೋಡುವ ಕನ್ನಡ ಆ್ಯಪ್ ಟೀವಿಗೆಂದೇ ಮಾಡಿದ ರೂಪದಲ್ಲಿ ಸಿಗುತ್ತದೆಯೇ, ಅಥವಾ ಫೋನಿನ ಆ್ಯಪನ್ನು ಒತ್ತಾಯವಾಗಿ ತುರುಕಿದ್ದಾರೆಯೇ ಎಂಬುದು ಮೊದಲ ಸಂಜೆಯೇ ಗೊತ್ತಾಗುತ್ತದೆ: ರಿಮೋಟಿನ ಬಾಣದ ಗುಂಡಿಗೆ ಪರದೆ ಮಾತು ಕೇಳದಿದ್ದರೆ ಎಪ್ಪತ್ತರ ವಯಸ್ಸಿನ ಅಮ್ಮನಿಂದ ಅದು ಆಗುವ ಕೆಲಸವಲ್ಲ. ಉಳಿದದ್ದು ಕೋಣೆಯ ಸಣ್ಣಪುಟ್ಟ ತಾಪತ್ರಯ. ಟೀವಿಯ ಯುಎಸ್‌ಬಿ ಕಿಂಡಿಯಿಂದಲೇ ಕರೆಂಟು ಕೊಟ್ಟರೆ ಎಷ್ಟೋ ಕಡ್ಡಿಗಳು ನಡುವೆ ಆರಿಹೋಗುತ್ತವೆ, ಜೊತೆಗೆ ಬಂದ ಅಡಾಪ್ಟರೇ ಬೇಕು. ಕಾಂಕ್ರೀಟ್ ಗೋಡೆ ಎರಡು ದಾಟಿದರೆ 5 ಗಿಗಾಹರ್ಟ್ಸಿನ ವೈಫೈ ಸೊರಗುತ್ತದೆ, ನಿಧಾನವಾದರೂ 2.4 ನಿಲ್ಲುತ್ತದೆ. ರಾತ್ರಿಯಿಡೀ ಕಣ್ಣು ಕುಕ್ಕುವ ನೀಲಿ ದೀಪಕ್ಕೆ ಒಂದು ತುಂಡು ಕಪ್ಪು ಟೇಪು.

ಇಷ್ಟೆಲ್ಲ ನೋಡಿ ಅಪ್ಪಣೆ ಇರುವ ಡಬ್ಬಿಯನ್ನೇ ಕೊಂಡರೂ ಅಪ್ಪಣೆಗೆ ಒಂದು ಆಯಸ್ಸಿದೆ. ವೂಟ್ 2023ರಲ್ಲಿ ಜಿಯೊಸಿನಿಮಾದಲ್ಲಿ ಕರಗಿತು, ಜಿಯೊಸಿನಿಮಾ 2025ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಪ್ರತಿ ಸಲವೂ ಹೊಸ ಆ್ಯಪ್, ಹೊಸ ಲಾಗಿನ್, ಅಜ್ಜಿಗೆ ಹೊಸ ಪಾಠ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ಡಬ್ಬಿಯಾದರೆ ಯಾವುದಾದರೊಂದು ಸಲ ಹೊಸ ಆ್ಯಪ್ ಬರುವುದೇ ಇಲ್ಲ.

ಅದರ ಮರುತಿಂಗಳು, 2025ರ ಮಾರ್ಚ್ 9ರಂದು, ಲೋಕದಾದ್ಯಂತ 2015ರ ಎರಡನೇ ಪೀಳಿಗೆಯ ಕ್ರೋಮ್‌ಕಾಸ್ಟ್‌ಗಳು ಒಮ್ಮೆಲೇ ನಿಂತವು. ಫೋನಿನಿಂದ ಏನು ಕಳಿಸಿದರೂ ಈ ಸಾಧನವನ್ನು ನಂಬಲಾಗದು ಎಂಬ ಉತ್ತರ. ಚಿಪ್ ಸುಟ್ಟಿರಲಿಲ್ಲ, ವೈಫೈ ಸರಿಯಿತ್ತು. ಅವು ಅಧಿಕೃತ ಯಂತ್ರಗಳೆಂದು ಸಾಕ್ಷಿ ಹೇಳುವ ಡಿಜಿಟಲ್ ಪ್ರಮಾಣಪತ್ರವೊಂದಕ್ಕೆ ಹತ್ತು ವರ್ಷದ ಅವಧಿ ಹಾಕಿದ್ದರು. ಆ ದಿನ ಅದು ಮುಗಿದಿತ್ತು. ನವೀಕರಿಸಬೇಕಾದವರಿಗೆ ನೆನಪಿರಲಿಲ್ಲ. ಕೆಲವೇ ದಿನಗಳಲ್ಲಿ ಗೂಗಲ್ ಹೊಸ ಅಪ್‌ಡೇಟ್ ಕಳಿಸಿ ಸರಿಪಡಿಸಿತು. ಅಷ್ಟರೊಳಗೆ ಮನೆಮದ್ದೆಂದು ಫ್ಯಾಕ್ಟರಿ ರೀಸೆಟ್ ಮಾಡಿದ್ದವರು ಮಾತ್ರ ಇನ್ನೂ ಕೆಲವು ದಿನ ಪರದಾಡಿದರು, ಏಕೆಂದರೆ ಹೊಸದಾಗಿ ಜೋಡಿಸಿಕೊಳ್ಳಲೂ ಅದೇ ಪ್ರಮಾಣಪತ್ರ ಬೇಕಿತ್ತು.

ಆ ದಿನಗಳಲ್ಲಿ 2012ರ ರ್‍ಯಾಸ್ಪ್‌ಬೆರಿ ಪೈ, ಅದಕ್ಕೆ 2.40 ಪೌಂಡ್ ಕೊಟ್ಟು ಕೊಂಡ ಕೀಲಿ, ಊರಿಂದ ತಂದ ಹಳೆಯ ಡಿವಿಡಿಯಿಂದ ಇಳಿಸಿಕೊಂಡ ಕನ್ನಡ ಸಿನಿಮಾ ಇದ್ದವರ ಕೋಣೆಯಲ್ಲಿ ಟೀವಿ ಓಡಲು ಯಾರನ್ನೂ ಕೇಳಬೇಕಿರಲಿಲ್ಲ. ಕ್ರೋಮ್‌ಕಾಸ್ಟ್‌ಗೆ ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿಯೇ ಇಟ್ಟಿರಲಿಲ್ಲ.